ಕರೆಂಟ್ ಬಿಲ್ಲಿಗೆ ಖಾತೆಯಿಂದ ನೇರ ಕಡಿತ: ವಯಸ್ಸಾದವರ ಮನೆಗೆ ಒಪ್ಪುವುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಾನು, ನನ್ನ ಪತ್ನಿ ಇಬ್ಬರೇ ಇರುವ ಮನೆ. ಮೀಟರ್ ಓದುವವರು ಗೇಟಿನ ಸಂದಿಗೆ ಸಿಕ್ಕಿಸಿ ಹೋಗುವ ಬಿಲ್ಲನ್ನು ಹಿಡಿದು ಇಷ್ಟು ವರ್ಷವೂ ನಾನೇ ಕೌಂಟರಿಗೆ ಹೋಗಿ ಹಣ ಕಟ್ಟುತ್ತಿದ್ದೆ. ಮಂಡಿನೋವಿನಿಂದಾಗಿ ಈಗ ಅದು ಆಗುತ್ತಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗ, ತನ್ನ ಮನೆಯ ಗ್ಯಾಸು, ಕರೆಂಟು ಎರಡಕ್ಕೂ ಪ್ರತಿ ತಿಂಗಳು ಒಂದೇ ಮೊತ್ತ ಖಾತೆಯಿಂದ ತಾನಾಗಿ ಹೋಗುತ್ತದೆ, ನೀವೂ ಹಾಗೇ ಮಾಡಿಕೊಳ್ಳಿ ಎಂದು ಒತ್ತಾಯಿಸುತ್ತಿದ್ದಾನೆ. ಬಿಲ್ಲನ್ನು ಕಣ್ಣಾರೆ ನೋಡದೆ ಹಣ ಬಿಡಲು ನನಗೆ ಮನಸ್ಸು ಬರುತ್ತಿಲ್ಲ. ರೀಡಿಂಗ್ ತಪ್ಪಿದ ತಿಂಗಳು ಏನು ಗತಿ? ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬಂದರೆ ಏನಾಗುತ್ತದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಸರಸ್ವತಿಪುರಂ, ಮೈಸೂರು)

ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ನಾನು. ನಿಮ್ಮ ಮಗ ಹೇಳುವ ಪದ್ಧತಿಗೂ ನಮ್ಮದಕ್ಕೂ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ವರ್ಷದ ಅಂದಾಜು ಖರ್ಚನ್ನು ಹನ್ನೆರಡು ಸಮ ಕಂತು ಮಾಡುತ್ತಾರೆ; ಬೇಸಿಗೆಯಲ್ಲಿ ಹೆಚ್ಚಾಗಿ ಕಟ್ಟಿದ ಹಣ ಜಮೆಯಾಗಿ ಉಳಿದು, ಮನೆಯನ್ನು ಬೆಚ್ಚಗಿಡಬೇಕಾದ ಚಳಿಗಾಲದ ದೊಡ್ಡ ಬಿಲ್ಲಿಗೆ ಒದಗುತ್ತದೆ. ತಪ್ಪು ಕಡಿತವಾದರೆ ಅಲ್ಲಿನ ಡೈರೆಕ್ಟ್ ಡೆಬಿಟ್ ಗ್ಯಾರಂಟಿಯ ಪ್ರಕಾರ ಬ್ಯಾಂಕೇ ಹಣ ಹಿಂದಿರುಗಿಸುತ್ತದೆ. ನಮ್ಮಲ್ಲಿ ಆ ತಿಂಗಳ ಬಿಲ್ಲು ಎಷ್ಟೋ ಅಷ್ಟೇ ಕಡಿತ.

ನಿಮ್ಮ ಭಯಕ್ಕೆ ಪರಿಹಾರ ಮಿತಿಯಲ್ಲಿದೆ. ಕಾರ್ಡ್ ಅಥವಾ ಯುಪಿಐ ಆಟೋಪೇ ಮೂಲಕ ಒಪ್ಪಿಗೆ ಕೊಡುವಾಗ ಗರಿಷ್ಠ ಮೊತ್ತವನ್ನು ನೀವೇ ನಮೂದಿಸಬಹುದು. ಓಟಿಪಿ ಇಲ್ಲದೆ ಹೋಗಬಹುದಾದ ಮೊತ್ತವನ್ನು ರಿಸರ್ವ್ ಬ್ಯಾಂಕು 2022ರಲ್ಲಿ 5,000ದಿಂದ 15,000 ರೂಪಾಯಿಗೆ ಏರಿಸಿತು. ನಮ್ಮಂಥವರ ಮನೆಗೆ ಅಷ್ಟು ಬೇಕಿಲ್ಲ. ಮಾಮೂಲಿ ಬಿಲ್ಲು 900 ಬರುವುದಾದರೆ 1,200ಕ್ಕೆ ನಿಲ್ಲಿಸಿ. ತಪ್ಪು ರೀಡಿಂಗಿನ ದೊಡ್ಡ ಮೊತ್ತ ಆ ಗೆರೆ ದಾಟಲಾರದು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ನಿಯಮವೂ ಇದೆ. ಅದನ್ನು ಓದಿ ಆ ಸಲದ ಕಡಿತವನ್ನು ತಡೆಯಬಹುದು. ತಡೆದ ತಿಂಗಳು ಕೊನೆಯ ದಿನಾಂಕದೊಳಗೆ ನೀವೇ ಕಟ್ಟಬೇಕೆಂಬುದನ್ನು ಮಾತ್ರ ಮರೆಯಬೇಡಿ.

ಬಿಲ್ಲಿನ ಬಗ್ಗೆ ತಕರಾರಿದ್ದರೆ 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ನಿಮ್ಮ ಬೆನ್ನಿಗಿದೆ. ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಲ್ಲಿ ಕಡಿಮೆಯದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ ವಿವಾದ ಮುಗಿಯುವವರೆಗೆ ಸಂಪರ್ಕ ಕತ್ತರಿಸುವಂತಿಲ್ಲ.

ಉತ್ತರ (ಅಶೋಕನಗರ, ಮಂಡ್ಯ)

ಗೃಹಜ್ಯೋತಿಯ ಶೂನ್ಯ ಬಿಲ್ ಬಂದ ತಿಂಗಳು ಕಡಿತವಾಗಲು ಏನೂ ಇರುವುದಿಲ್ಲ, ಒಪ್ಪಿಗೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಆದರೆ ಬಳಕೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ನಮ್ಮದೇ. ಏಪ್ರಿಲ್‌ನಲ್ಲಿ ಮೊಮ್ಮಕ್ಕಳು ಬಂದು ಹಗಲೂ ರಾತ್ರಿ ಫ್ಯಾನು, ಕೂಲರು ತಿರುಗಿದಾಗ ನಮ್ಮ ಮನೆಯಲ್ಲಿ ಹಾಗೇ ಆಯಿತು. ಅದಕ್ಕೇ ಪಿಂಚಣಿ ಬರುವ ಖಾತೆಗೆ ಇದನ್ನು ಜೋಡಿಸಬೇಡಿ, ಬೇರೆಯದೊಂದು ಸಣ್ಣ ಖಾತೆ ಇರಲಿ.

ಇನ್ನೊಂದು ಮಾತು. ಒಪ್ಪಿಗೆ ಅಂಟಿಕೊಂಡಿರುವುದು ಮೀಟರಿನ ಖಾತೆ ಸಂಖ್ಯೆಗೆ, ನಮಗಲ್ಲ. ಬಾಡಿಗೆ ಮನೆ ಬಿಟ್ಟು ಬಂದ ಮೇಲೆ ಅದನ್ನು ರದ್ದು ಮಾಡಲು ಮರೆತು, ಮೂರು ತಿಂಗಳು ಹೊಸ ಬಾಡಿಗೆದಾರರ ಕರೆಂಟಿನ ಹಣವನ್ನು ನಾನೇ ಕಟ್ಟಿದೆ. ಪಾಸ್‌ಬುಕ್ ನಮೂದು ಮಾಡಿಸಲು ಹೋದ ದಿನವಷ್ಟೇ ಅದು ಕಣ್ಣಿಗೆ ಬಿತ್ತು.

ಪ್ರಶ್ನೆ ಕೇಳಿದವರು (ಕುವೆಂಪುನಗರ)

ಇಬ್ಬರಿಗೂ ಕೃತಜ್ಞತೆಗಳು. ಮಿತಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಜಂಟಿ ಖಾತೆಯೊಂದಕ್ಕೆ 1,200 ರೂಪಾಯಿಯ ಮಿತಿಯಿಟ್ಟು ಈ ತಿಂಗಳೇ ಒಪ್ಪಿಗೆ ಕೊಡುತ್ತೇವೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕಕ್ಕೆ, ಒಂದನೇ ತಾರೀಖಿನ ಮೀಟರ್ ಸಂಖ್ಯೆಯನ್ನು ಬರೆದಿಡುವುದಾಗಿ ಪತ್ನಿ ಹೇಳಿದ್ದಾರೆ.