ಸಹಾಯ ಬೇಕು: ಎಂಸಿಟಿ ಎಣ್ಣೆ (ಮಧ್ಯಮ ಸರಪಳಿ ಕೊಬ್ಬಿನ ಎಣ್ಣೆ) ಬದಲು ತೆಂಗಿನೆಣ್ಣೆ ಆಗ್ತದಾ?

ನಾವು ಬದಿಯಡ್ಕ ಕಡೆಯವರು. ಅಕ್ಕನಿಗೆ ಎರಡು ವರ್ಷದ ಹಿಂದೆ ತೂಕ ಇಳಿಸಲು ಗ್ಯಾಸ್ಟ್ರಿಕ್ ಬೈಪಾಸ್ ಅನ್ನುವ ಹೊಟ್ಟೆಯ ಆಪರೇಷನ್ ಆಗಿತ್ತು. ಕಳೆದ ತಿಂಗಳು ವಿಪರೀತ ಹೊಟ್ಟೆನೋವು. ಕರುಳು ಒಳಗೇ ಸಿಕ್ಕಿಕೊಂಡಿದೆ ಅಂತ ಮಂಗಳೂರಲ್ಲಿ ಆಪರೇಷನ್ ಮಾಡಿದರೆ ಹೊಟ್ಟೆಯೊಳಗೆ ಹಾಲಿನಂಥ ನೀರು! ಊಟದ ಕೊಬ್ಬು ದುಗ್ಧನಾಳದ (ಲಿಂಫ್ ನಾಳ) ಮೂಲಕ ರಕ್ತಕ್ಕೆ ಸೇರುವುದಂತೆ. ನಾಳ ಅದುಮಿಹೋಗಿ ಅದೇ ಸೋರಿದ್ದು ಅಂದರು ಡಾಕ್ಟರು. ಈಗ ಸ್ವಲ್ಪ ದಿನ ಬೇರೆ ಕೊಬ್ಬು ಬೇಡ, ಎಂಸಿಟಿ ಎಣ್ಣೆ ಮಾತ್ರ. ಅದು ದುಗ್ಧನಾಳಕ್ಕೆ ಹೋಗದೆ ನೇರ ಯಕೃತ್ತಿಗೆ ಹೋಗುತ್ತದಂತೆ.

ಕಾಸರಗೋಡಿನ ನಾಲ್ಕು ಮೆಡಿಕಲ್ ಅಂಗಡಿ ಸುತ್ತಿದೆ, ಸಿಗಲಿಲ್ಲ. "ತೆಂಗಿನೆಣ್ಣೆಯೂ ಅದೇ ಅಲ್ವಾ" ಅಂದರು ಒಬ್ಬರು. ಅದಾದರೆ ಮನೆಯಲ್ಲಿ ಡಬ್ಬಗಟ್ಟಲೆ ಉಂಟು! ಆದರೆ ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ, ಅದು ಹೆಚ್ಚಾಗಿ ದುಗ್ಧನಾಳದಲ್ಲೇ ಹೋಗುವುದು ಅಂತ ಓದಿ ತಲೆ ಕೆಟ್ಟಿದೆ.

ಡಾಕ್ಟರು ಸಿಗುವುದು ಸೋಮವಾರ. ಅಲ್ಲಿವರೆಗೆ ಗಂಜಿಗೆ ಒಂದು ಚಮಚ ತೆಂಗಿನೆಣ್ಣೆ ಹಾಕಬಹುದಾ, ಇಲ್ಲ ಎಣ್ಣೆಯೇ ಬೇಡವಾ? ಡಯಟೀಷಿಯನ್ ಯಾರಾದರೂ ಇದ್ದರೆ ಹೇಳಿ.