ಕೊಟ್ಟ ಹಣಕ್ಕೆ ತಕ್ಕದ್ದೋ ಅಲ್ಲವೋ ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ? (ಅನುಭವ ಹಂಚಿಕೆ)

ಪ್ರಶ್ನೆ: ಶಾಲಾ ಶಿಕ್ಷಕಿ, ಕಲಬುರಗಿ

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನಾನು ಇಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಅಪ್ಪ, ಅವ್ವ, ಕಾಲೇಜು ಓದುವ ತಮ್ಮ ಮತ್ತು ನಾನು ಬಾಡಿಗೆ ಮನೆಯಲ್ಲಿದ್ದೇವೆ. ಸಂಬಳದಲ್ಲಿ ಉಳಿಸಿದ ಅರವತ್ತು ಸಾವಿರ ರೂಪಾಯಿ ಕೈಯಲ್ಲಿದೆ. ಬೇಸಿಗೆಗೆ ಒಂಬತ್ತು ಸಾವಿರದ ಕೂಲರ್ ಸಾಕೆಂದು ಅಪ್ಪ ಹೇಳುತ್ತಾರೆ, ಮೂವತ್ತೆಂಟು ಸಾವಿರದ ಎ.ಸಿ.ಯೇ ಬೇಕೆಂದು ತಮ್ಮ ಹಟ ಹಿಡಿದಿದ್ದಾನೆ, ಇವೆರಡೂ ಬೇಡ, ಬಂಗಾರ ತೆಗೆದುಕೋ ಎಂದು ಅವ್ವ ಹೇಳುತ್ತಾಳೆ. ಇದರ ನಡುವೆ ಸೋದರಮಾವನ ಮಗಳ ಮದುವೆಗೆ ಉಡುಗೊರೆಯನ್ನೂ ಕೊಡಬೇಕಾಗಿದೆ. ಅಗ್ಗದ್ದನ್ನು ತಂದರೆ ಬೇಗ ಕೆಡುತ್ತದೆ ಎಂಬ ಅಂಜಿಕೆ, ದುಬಾರಿಯದನ್ನು ತಂದರೆ ಇಷ್ಟು ಕೊಡಬೇಕಿತ್ತೇ ಎಂಬ ಕೊರಗು. ಒಂದು ವಸ್ತು ನಮಗೆ ಎಷ್ಟು ಬೆಲೆ ಬಾಳುತ್ತದೆ ಎಂಬುದನ್ನು ಅಂಗಡಿಯವನ ಚೀಟಿ ಬಿಟ್ಟು ಬೇರೆ ಯಾವ ಲೆಕ್ಕದಿಂದ ಅಳೆಯಬೇಕು? ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ ಎಂಬುದನ್ನು ತಿಳಿಸಿ.

ಉತ್ತರ: ನಿವೃತ್ತ ನೌಕರ, ಕಲಬುರಗಿ

ತಂಗಿ, ಕೂಲರ್ ಮತ್ತು ಎ.ಸಿ.ಯ ವಿಚಾರವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ತಂಪಿಗಾಗಿ ಮಾಡುವ ಖರ್ಚನ್ನು ಚೈನಿ ಎಂದು ಯಾರೂ ಹೀಗಳೆಯುವಂತಿಲ್ಲ.

ನೀರು ಆವಿಯಾಗುವಾಗ ಗಾಳಿಯಲ್ಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೂಲರಿನ ಕೆಲಸವೆಲ್ಲ ಅಷ್ಟೇ. ಗಾಳಿ ಒಣಗಿದ್ದಷ್ಟೂ ಅದು ಹೆಚ್ಚು ತಂಪು ಕೊಡುತ್ತದೆ. ಹೀಗಾಗಿ ಒಂಬತ್ತು ಸಾವಿರದ ಅದೇ ಯಂತ್ರ ಮಂಗಳೂರಿನ ಮನೆಯಲ್ಲಿ ಬರೀ ಸದ್ದು ಮಾಡುವ ಡಬ್ಬಿಯಾದರೆ, ನಮ್ಮ ಮೇ ತಿಂಗಳಿನ ಒಣ ಬಿಸಿಲಿನಲ್ಲಿ ಜೀವ ಉಳಿಸುತ್ತದೆ. ಬೆಲೆ ಎರಡೂ ಕಡೆ ಒಂದೇ. ಆದರೆ ಅದನ್ನು ಕಿಟಕಿಗೆ ಕೂಡಿಸಿ, ಎದುರಿನ ಬಾಗಿಲನ್ನೋ ಇನ್ನೊಂದು ಕಿಟಕಿಯನ್ನೋ ಸ್ವಲ್ಪ ತೆರೆದಿಡಬೇಕು. ಎಲ್ಲವನ್ನೂ ಮುಚ್ಚಿಕೊಂಡು ಕುಳಿತು ಮೈ ಅಂಟಂಟಾಗುತ್ತದೆ ಎಂದು ದೂರುವವರನ್ನು ನಮ್ಮ ಓಣಿಯಲ್ಲಿಯೇ ಬಹಳ ಕಂಡಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಾತ್ರ ಅದರಿಂದ ಏನನ್ನೂ ನಿರೀಕ್ಷಿಸಬೇಡಿ.

ಇನ್ನು ಕರೆಂಟಿನ ಲೆಕ್ಕ. ಮನೆಯಲ್ಲಿ ಬಳಸುವ ಕೂಲರ್ 200 ವ್ಯಾಟ್‌ನ ಆಸುಪಾಸಿನದಾದರೆ ಐದು ಗಂಟೆಗೆ ಒಂದು ಯೂನಿಟ್ ಆಗುತ್ತದೆ. ರಾತ್ರಿ ಎಂಟು ಗಂಟೆ ನಡೆಸಿದರೆ ತಿಂಗಳಿಗೆ ಐವತ್ತು ಯೂನಿಟ್ ದಾಟುವುದಿಲ್ಲ. ಎ.ಸಿ. ಗಂಟೆಗೆ ಒಂದು ಯೂನಿಟ್‌ನಂತೆ ಎಳೆದರೂ ಅಷ್ಟೇ ಹೊತ್ತಿಗೆ 240 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಮಿತಿಯನ್ನು ನಿಗದಿ ಮಾಡಿರುತ್ತಾರೆ. ಆ ಮಿತಿ ದಾಟಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ಯೂನಿಟ್ ದಾಟಿದರಂತೂ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮ ತಲೆಯ ಮೇಲೆ ಬರುತ್ತದೆ. ಅಂದರೆ ಎ.ಸಿ.ಯ ನಿಜವಾದ ಬೆಲೆ ಮೂವತ್ತೆಂಟು ಸಾವಿರಕ್ಕೆ ನಿಲ್ಲುವುದಿಲ್ಲ. ಜೆಸ್ಕಾಂ ಬಿಲ್ಲಿನಲ್ಲಿ ಅದು ಪ್ರತಿ ಬೇಸಿಗೆಯೂ ಬೆಳೆಯುತ್ತದೆ. ಅಂಗಡಿಯಲ್ಲಿ ಎ.ಸಿ.ಯ ಮೇಲೆ ಕರೆಂಟಿನ ಉಳಿತಾಯವನ್ನು ತೋರಿಸುವ ನಕ್ಷತ್ರಗಳ ಚೀಟಿಯನ್ನು ನೋಡುವಾಗ ಅದರಲ್ಲಿ ಬರೆದ ವಾರ್ಷಿಕ ಯೂನಿಟ್ ಸಂಖ್ಯೆಯು ವರ್ಷಕ್ಕೆ 1,600 ಗಂಟೆಯ ಬಳಕೆಯನ್ನು ಹಿಡಿದು ಹಾಕಿದ ಲೆಕ್ಕ ಎಂಬುದು ನೆನಪಿರಲಿ. ಎರಡು ತಿಂಗಳು, ರಾತ್ರಿ ಮಾತ್ರ ನಡೆಸುವವರಿಗೆ ಐದು ನಕ್ಷತ್ರಕ್ಕಾಗಿ ಕೊಡುವ ಹೆಚ್ಚಿನ ಹಣ ಮರಳಿ ಬರಲು ಬಹಳ ವರ್ಷ ಹಿಡಿಯುತ್ತದೆ.

ಇಷ್ಟು ಹೇಳಿದ ಮೇಲೆ ಕೂಲರಿನ ಪರವಾಗಿ ತೀರ್ಪು ಕೊಟ್ಟುಬಿಡಬಹುದಿತ್ತು. ಆದರೆ ಅಂಗಡಿಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ. ಅದಕ್ಕೆ ನೀರು ತುಂಬುವವರು ಯಾರು? ನಮ್ಮಲ್ಲಿ ಬೋರಿನ ನೀರು ಗಡಸು. ಬೇಸಿಗೆ ಮುಗಿಯುವ ಹೊತ್ತಿಗೆ ಹುಲ್ಲಿನ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ, ಗಾಳಿ ನುಸುಳದಷ್ಟು ಅದು ಬಿರುಸಾಗಿ, ಕೆಸರಿನ ವಾಸನೆ ಹೊಡೆಯತೊಡಗುತ್ತದೆ. ಪ್ರತಿ ವರ್ಷ ಪ್ಯಾಡ್ ಬದಲಿಸುವುದು, ಟ್ಯಾಂಕ್ ತಿಕ್ಕುವುದು ತಪ್ಪದು. ನಳದ ನೀರು ದಿನ ಬಿಟ್ಟು ದಿನ ಬರುವ ಓಣಿಯಲ್ಲಿ ಬಕೆಟ್ ಹೊರುವ ಕೆಲಸ ನಿಮ್ಮ ಅವ್ವನ ಪಾಲಿಗೇ ಬರುವುದಾದರೆ, ಆ ಕೂಲರ್ ನಿಮಗೆ ಅಗ್ಗ, ಅವರಿಗೆ ದುಬಾರಿ. ತಮ್ಮ ಪ್ರತಿದಿನ ತಾನೇ ನೀರು ತುಂಬುತ್ತೇನೆಂದು ಒಪ್ಪಿದರೆ ಕೂಲರ್ ತನ್ನಿ. ಹೇಗೂ ಬಾಡಿಗೆ ಮನೆ, ಎ.ಸಿ.ಗೆ ಗೋಡೆ ಕೊರೆಯಲು ಮಾಲೀಕರನ್ನು ಕೇಳಬೇಕು, ಮನೆ ಬದಲಿಸಿದಾಗಲೆಲ್ಲ ಬಿಚ್ಚಿ ಕೂಡಿಸುವ ಖರ್ಚು ಬೇರೆ. ಮಲಗುವ ಕೋಣೆಗೆ ಕಿಟಕಿಯೇ ಇಲ್ಲದಿದ್ದರೆ ಅಥವಾ ಅಪ್ಪನಿಗೆ ಬಿಸಿಲು ತಡೆಯದ ಕಾಯಿಲೆಯಿದ್ದರೆ ನನ್ನ ಮಾತನ್ನು ಪಕ್ಕಕ್ಕಿಟ್ಟು ಎ.ಸಿ.ಯನ್ನೇ ಹಾಕಿಸಿ.

ಉತ್ತರ: ಆಸ್ಪತ್ರೆಯ ಶುಶ್ರೂಷಕಿ, ಕಲಬುರಗಿ

ಹಿರಿಯರು ನೀರು ತುಂಬುವವರು ಯಾರೆಂದು ಕೇಳಿದ್ದು ಬಹಳ ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಇದೇ ವಾದ ರೊಟ್ಟಿಯ ವಿಷಯದಲ್ಲಿ ನಡೆಯಿತು. ನಮ್ಮ ಹೊಲದ ಮಾಲದಂಡಿ ಜೋಳ ಮನೆಯಲ್ಲಿರುವಾಗ ರೊಟ್ಟಿಯನ್ನು ಕೊಂಡು ತರುವುದು ಹಣವನ್ನು ಚೆಲ್ಲಿದಂತೆ ಎಂಬುದು ಅತ್ತೆಯವರ ಮಾತು. ಜೋಳದ ಬೆಲೆಯನ್ನಷ್ಟೇ ನೋಡಿದರೆ ಅವರ ಲೆಕ್ಕದಲ್ಲಿ ಒಂದು ರೂಪಾಯಿಯೂ ತಪ್ಪಿಲ್ಲ. ಆದರೆ ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಎಸರು ಕಾಯಿಸಿ, ಕೊಮಣಿಗೆಯಲ್ಲಿ ಹಿಟ್ಟು ನಾದಿ, ಹಿಟ್ಟಿಗೆ ಜಿಗಿ ಇಲ್ಲದ ದಿನ ಅಂಚು ಒಡೆಯದಂತೆ ಬಡಿದು, ಹಂಚಿನ ಮುಂದೆ ಒಂದು ತಾಸು ನಿಲ್ಲುವವಳು ನಾನು. ಈಗ ಪಾಳಿಯಿರುವ ವಾರದಲ್ಲಿ ಓಣಿಯ ಹೆಣ್ಣುಮಕ್ಕಳ ಸಂಘದಿಂದ ರೊಟ್ಟಿ ತರಿಸುತ್ತೇವೆ. ಖಡಕ್ ರೊಟ್ಟಿಯಾದರೆ ಒಮ್ಮೆಲೇ ತಂದು ಇಟ್ಟುಕೊಳ್ಳಬಹುದು. ಉಳಿದ ಆ ತಾಸನ್ನು ನಾನು ಯಾವ ಸತ್ಕಾರ್ಯಕ್ಕೂ ಬಳಸುವುದಿಲ್ಲ, ನಿದ್ದೆ ಮಾಡುತ್ತೇನೆ. ಹಾಗೆಂದು ಅತ್ತೆಯವರಿಗೇ ಹೇಳಿದೆ.

ರಜೆಯ ದಿನ ಬಿಸಿ ರೊಟ್ಟಿ, ಪುಂಡಿಪಲ್ಯೆ ಮನೆಯಲ್ಲಿಯೇ ಆಗುತ್ತವೆ, ಆ ದಿನ ಕೊಂಡ ರೊಟ್ಟಿ ನನಗೂ ಬೇಡ. ಹೀಗೆ ಒಂದೇ ವಸ್ತು ಸೋಮವಾರ ಹಣಕ್ಕೆ ತಕ್ಕದ್ದಾಗಿ ಭಾನುವಾರ ತಕ್ಕದ್ದಲ್ಲದಿರಬಹುದು. ಒಂದು ಸಲ ನಿರ್ಧರಿಸಿ ವರ್ಷವಿಡೀ ಅದಕ್ಕೇ ಕಟ್ಟುಬೀಳುವ ಅಗತ್ಯವಿಲ್ಲ, ತಂಗಿ.

ಉತ್ತರ: ರೈತ, ಶಹಾಪುರ ತಾಲ್ಲೂಕು, ಯಾದಗಿರಿ

ಅಕ್ಕಾ, ವರ್ಷಕ್ಕೆ ಎಷ್ಟು ದಿನ ಬಳಸುತ್ತೇವೆ ಎಂದು ಬೆಲೆಯನ್ನು ಭಾಗಿಸಿ ನೋಡಿ ಎಂದು ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಎರೆ ಭೂಮಿ, ಮಳೆಯನ್ನೇ ನಂಬಿದ ತೊಗರಿ. ಬಿತ್ತುವ ಕೂರಿಗೆಯೂ ಅದನ್ನು ಎಳೆಯುವ ಟ್ರ್ಯಾಕ್ಟರೂ ವರ್ಷದ ಬಹುಪಾಲು ದಿನ ಅಂಗಳದಲ್ಲಿ ಸುಮ್ಮನೆ ನಿಲ್ಲುತ್ತವೆ. ದಿನಗಳನ್ನು ಎಣಿಸಿದರೆ ಬಾಡಿಗೆಗೆ ತರುವುದೇ ಜಾಣತನ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕಡಿಮೆ ಬಾಡಿಗೆಗೆ ಯಂತ್ರಗಳು ಸಿಗುತ್ತವೆ. ತೊಂದರೆ ಎಲ್ಲಿ ಎಂದರೆ, ಜೂನ್ ಕೊನೆಗೋ ಜುಲೈಗೋ ಒಂದು ಹದ ಮಳೆ ಬಿದ್ದ ಮರುದಿನ ಊರಿಗೆ ಊರೇ ಅದೇ ಯಂತ್ರವನ್ನು ಕೇಳುತ್ತದೆ. ನನ್ನ ಪಾಳಿ ಬರುವಷ್ಟರಲ್ಲಿ ಮೇಲಿನ ಮಣ್ಣು ಆರಿ ಬಿರಿಯತೊಡಗಿರುತ್ತದೆ, ಬೀಜ ಒಂದೇ ಸಮ ಹುಟ್ಟುವುದಿಲ್ಲ. ಎಷ್ಟು ದಿನ ಎಂಬುದರ ಜೊತೆಗೆ ಯಾವ ದಿನ ಎಂಬುದನ್ನೂ ಕೇಳಬೇಕು. 2025-26ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಹದ ತಪ್ಪಿ ಎಕರೆಗೆ ಒಂದು ಕ್ವಿಂಟಲ್ ಕಡಿಮೆಯಾದರೆ ಉಳಿಸಿದ ಬಾಡಿಗೆ ಎಲ್ಲಿ ಹೋಯಿತೆಂದು ನೀವೇ ನೋಡಿ. ನಾವು ಕಂಡುಕೊಂಡ ದಾರಿ ಇಷ್ಟು: ಅಣ್ಣ-ತಮ್ಮಂದಿರು ಸೇರಿ ಕೂರಿಗೆಯನ್ನು ಸ್ವಂತಕ್ಕೆ ಕೊಂಡೆವು, ಅದಕ್ಕೆ ದೊಡ್ಡ ಹಣ ಬೇಕಾಗಲಿಲ್ಲ, ಟ್ರ್ಯಾಕ್ಟರಿಗೆ ಊರಿನವರೊಬ್ಬರಿಗೆ ಮೃಗಶಿರಾ ಮಳೆಗೆ ಮುಂಚೆಯೇ ಮುಂಗಡ ಕೊಟ್ಟು ಪಾಳಿಯನ್ನು ಹಿಡಿದಿಡುತ್ತೇವೆ. ಸಾಲ ಮಾಡಿ ಟ್ರ್ಯಾಕ್ಟರನ್ನೇ ತಂದವರು ಕಂತು ಕಟ್ಟಲು ಊರೂರು ಬಾಡಿಗೆ ಹೊಡೆಯುತ್ತ ತಮ್ಮ ಹೊಲವನ್ನೇ ತಡವಾಗಿ ಬಿತ್ತಿದ್ದನ್ನೂ ನೋಡಿದ್ದೇವೆ.

ನಿಮ್ಮ ಮನೆಗೂ ಇದು ಹೊಂದುತ್ತದೆ. ತಮ್ಮನ ಪರೀಕ್ಷೆ ಬೇಸಿಗೆಯಲ್ಲಿಯೇ ಬರುವುದಾದರೆ, ಆ ಕೆಲವು ವಾರಗಳ ತಂಪನ್ನು ಉಳಿದ ತಿಂಗಳುಗಳ ಜೊತೆ ಒಂದೇ ತಕ್ಕಡಿಗೆ ಹಾಕಬೇಡಿ.

ಉತ್ತರ: ಮನೆ ಕಟ್ಟಿಸುವ ಗುತ್ತಿಗೆದಾರ, ಶಹಾಬಾದ್

ಸಣ್ಣದೊಂದು ಮಾತು. ನೆಲಕ್ಕೆ ಹಾಸುವ ನಮ್ಮೂರಿನ ಕಲ್ಲನ್ನು ಬೇರೆ ರಾಜ್ಯಗಳವರು ಲಾರಿ ಬಾಡಿಗೆ ಕೊಟ್ಟು ಒಯ್ಯುತ್ತಾರೆ. ನಮ್ಮೂರಿನವರೇ ಗಟ್ಟಿಮುಟ್ಟಾದ ಫರಸಿಯನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸುತ್ತಾರೆ. ಶಹಾಬಾದ್ ಕಲ್ಲಿಗೆ ದೋಷವಿಲ್ಲವೆಂದಲ್ಲ, ಅದು ಸುಣ್ಣದ ಕಲ್ಲು, ಲಿಂಬೆಹಣ್ಣಿನ ರಸವೋ ಆ್ಯಸಿಡ್ಡೋ ಬಿದ್ದರೆ ಕಲೆ ಉಳಿಯುತ್ತದೆ. ಆದರೆ ಕಿತ್ತುಹಾಕಿಸುವವರಲ್ಲಿ ಕಲೆಯ ಕಾರಣ ಹೇಳಿದವರು ನನಗೆ ಸಿಕ್ಕಿಲ್ಲ. ಬೀಗರು ಬರುತ್ತಾರೆ ಎಂದವರು ಬಹಳ. ಅದನ್ನೂ ನಾನು ತಪ್ಪೆನ್ನುವುದಿಲ್ಲ, ಮಾನಕ್ಕೂ ಒಂದು ಬೆಲೆಯಿದೆ. ಖರ್ಚು ಬೀಗರ ಕಣ್ಣಿಗೋ ನಮ್ಮ ಕಾಲಿಗೋ ಎಂಬುದನ್ನು ಮನೆಯೊಳಗಾದರೂ ಒಪ್ಪಿಕೊಂಡು ಮಾಡಿದರೆ ಆಮೇಲೆ ಕೊರಗು ಕಡಿಮೆ.

ಉತ್ತರ: ಕರಕುಶಲ ವಸ್ತುಗಳ ವ್ಯಾಪಾರಿ, ಬೀದರ್

ಉಡುಗೊರೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬಿದ್ರಿ ಸಾಮಾನು ಮಾರುವುದು ನನ್ನ ದಂಧೆ, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ವಟ್ಟ ಕಳೆದೇ ಓದಿಕೊಳ್ಳಿ.

ಅಂಗೈಯಗಲದ ಎರಡು ಕುಂಕುಮದ ಭರಣಿಗಳು ದೂರದಿಂದ ಒಂದೇ ತೆರನಾಗಿ ಕಂಡರೂ ಒಂದರ ಬೆಲೆ ಇನ್ನೊಂದರ ಮೂರು ಪಟ್ಟು ಇರಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು ಎರಡಕ್ಕೂ ಒಂದೇ. ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುವ ಕೆಲಸದಲ್ಲಿ ವ್ಯತ್ಯಾಸ ಬರುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ತೊಳೆದಾಗ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಒಳ್ಳೆಯ ಕೆಲಸವಾದರೆ ಬೆರಳಾಡಿಸಿದಾಗ ಬೆಳ್ಳಿಯೂ ಕಪ್ಪೂ ಒಂದೇ ಮಟ್ಟಕ್ಕೆ ನುಣುಪಾಗಿರುತ್ತವೆ, ಎಲ್ಲಿಯೂ ತೊಡರುವುದಿಲ್ಲ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, 2023ರಲ್ಲಿ ನಮ್ಮ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು.

ಹೀಗಿದ್ದರೂ ಗಿರಾಕಿಗಳಿಗೆ ಒಂದು ಮಾತನ್ನು ಹೇಳಿಯೇ ಕೊಡುತ್ತೇನೆ: ಇದನ್ನು ಮರಳಿ ಮಾರಲು ಹೋದರೆ ಕೊಟ್ಟ ಹಣ ಬರುವುದಿಲ್ಲ. ಸತುವಿನ ತೂಕಕ್ಕೆ ಏನು ಸಿಕ್ಕೀತು? ಕೆಲಸಗಾರನ ಕೈಗೆ ಕೊಟ್ಟ ಹಣ ಅದು. ಅದನ್ನು ನೋಡಿ ಸಂತೋಷಪಡುವ ಕಣ್ಣಿರುವ ಮನೆಗೆ ಹೋದರೆ ಮಾತ್ರ ಸಾರ್ಥಕ. ನಿಮ್ಮ ಮಾವನ ಮಗಳು ಹೊಸ ಸಂಸಾರಕ್ಕೆ ಕುಕ್ಕರು, ಪಾತ್ರೆಗಳಿಗಾಗಿ ಯೋಚಿಸುತ್ತಿದ್ದರೆ ದಯವಿಟ್ಟು ನನ್ನ ಅಂಗಡಿಗೆ ಬರಬೇಡಿ, ಲಕೋಟೆಯಲ್ಲಿ ಮುಯ್ಯಿ ಹಾಕಿ ಕೊಡಿ. ಮನೆಯನ್ನು ಅಚ್ಚುಕಟ್ಟಾಗಿ ಜೋಡಿಸುವ ಹುಡುಗಿಯಾದರೆ, ದೊಡ್ಡ ಹೂದಾನಿಯ ಒರಟು ಕೆಲಸಕ್ಕಿಂತ ಸಣ್ಣ ಭರಣಿಯ ನಯವಾದ ಕೆಲಸವನ್ನು ಆರಿಸಿ. ಉಡುಗೊರೆ ದೊಡ್ಡದಾಗಿ ಕಾಣಲಿ ಎಂದು ಗಾತ್ರಕ್ಕೆ ಹಣ ಕೊಡುವವರೇ ಹೆಚ್ಚು.

ಕೇಳಿದವರಿಂದ

ಎಲ್ಲರಿಗೂ ಶರಣು. ಕಿಟಕಿ ಇದೆ, ಮಾಲೀಕರು ಗೋಡೆ ಕೊರೆಯಲು ಒಪ್ಪುವುದಿಲ್ಲ, ತಮ್ಮ ಮುಖ ಸಣ್ಣದು ಮಾಡಿಕೊಂಡೇ ನೀರು ತುಂಬಲು ಒಪ್ಪಿದ್ದಾನೆ. ಹಾಗಾಗಿ ಕೂಲರ್. ಮದುವೆಗೆ ಮುಯ್ಯಿ ಕೊಡುತ್ತೇನೆ, ಅವಳು ಈಗಷ್ಟೇ ಮನೆ ಹೂಡುತ್ತಿದ್ದಾಳೆ. ಉಳಿದದ್ದರಲ್ಲಿ ಅವ್ವನ ಮಾತಿನಂತೆ ಸ್ವಲ್ಪ ಬಂಗಾರ ತರುವುದಾದರೆ ಒಡವೆಯೋ ನಾಣ್ಯವೋ ಎಂಬುದೊಂದೇ ಉಳಿದಿದೆ.

ಉತ್ತರ: ಸಹಕಾರಿ ಬ್ಯಾಂಕಿನ ಉದ್ಯೋಗಿ, ಹುಮನಾಬಾದ್

ಒಡವೆಗೆ ನೀವು ಕೊಡುವ ಹಣದಲ್ಲಿ ಚಿನ್ನದ ಬೆಲೆ, ಮಾಡುವ ಕೂಲಿ ಮತ್ತು ಶೇಕಡಾ 3ರ ಜಿಎಸ್‌ಟಿ ಸೇರಿರುತ್ತವೆ. ಕೂಲಿ ಕೆಲಸದ ಮೇಲೆ ಹೋಗುತ್ತದೆ, ನಯವಾದ ನಕಾಶೆಗೆ ಚಿನ್ನದ ಬೆಲೆಯ ಶೇಕಡಾ ಹತ್ತನ್ನೂ ದಾಟುತ್ತದೆ. ಮಾರುವ ದಿನ ಕೂಲಿಯೂ ತೆರಿಗೆಯೂ ಮರಳಿ ಬರುವುದಿಲ್ಲ. ಚಿನ್ನ ಮಾತ್ರ ಬರುತ್ತದೆ. ನಾಣ್ಯದಲ್ಲಿ ಕೂಲಿ ತೀರ ಕಡಿಮೆ. ಹೀಗಾಗಿ ತಿಜೋರಿಯಲ್ಲಿಡುವುದಕ್ಕೆ ನಾಣ್ಯವೇ ಮೇಲು ಎಂದು ನಮ್ಮ ಕೌಂಟರಿನಲ್ಲಿ ಕೇಳಿದವರಿಗೆಲ್ಲ ಹೇಳುತ್ತೇನೆ.

ಆದರೆ ಅವ್ವನನ್ನು ಒಮ್ಮೆ ಕೇಳಿ ನೋಡಿ. ಶರಣಬಸವೇಶ್ವರ ಗುಡಿಗೆ ಹೋಗುವಾಗ, ಬಂಧುಗಳ ಮದುವೆಗಳಲ್ಲಿ ಕಿವಿಗೆ ಹಾಕಿಕೊಳ್ಳುವ ಆಸೆ ಅವರಿಗಿದ್ದರೆ ಆ ಕೂಲಿಯು ಹಾಕಿಕೊಳ್ಳುವುದರ ಬೆಲೆ, ಅದನ್ನು ನಷ್ಟದ ಲೆಕ್ಕಕ್ಕೆ ಬರೆಯಬೇಕಾಗಿಲ್ಲ. ಆಪತ್ತಿಗಾಗಲಿ ಎಂದಷ್ಟೇ ಅವರು ಹೇಳುತ್ತಿದ್ದರೆ ಮಾತ್ರ ನಾಣ್ಯ. ಹಣವನ್ನು ಪೂರ್ತಿ ಬಂಗಾರಕ್ಕೂ ಹಾಕಬೇಡಿ. ಖಾಸಗಿ ಶಾಲೆಯ ಸಂಬಳವನ್ನು ನಂಬಿದ ಮನೆಯಲ್ಲಿ ಮೂರು ತಿಂಗಳ ಬಾಡಿಗೆಯಾದರೂ ಖಾತೆಯಲ್ಲಿರಲಿ.

ಒಡವೆಯನ್ನೇ ತಂದರೆ ಚಿನ್ನದ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕಿನ ಜೊತೆಗೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಸಂಖ್ಯೆ ಕೊರೆದಿದೆಯೇ ಎಂದು ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಇದು ಕಡ್ಡಾಯ, ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ಅಂಗಡಿಯಲ್ಲಿ ನಿಂತಲ್ಲಿಯೇ ಪರೀಕ್ಷಿಸಬಹುದು. ಹರಳಿನ ಓಲೆಯಾದರೆ ಹರಳಿನ ತೂಕವನ್ನು ಕಳೆದು ಉಳಿದ ಚಿನ್ನದ ತೂಕ, ಕೂಲಿ, ತೆರಿಗೆ ಇವಿಷ್ಟನ್ನೂ ರಸೀದಿಯಲ್ಲಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ, ಬಿಳಿ ಚೀಟಿಯನ್ನು ಒಪ್ಪಬೇಡಿ.