ಮನೆಯಲ್ಲಿರುವ ಸೂಪರ್‌ಹೀರೋ ಡಿಸ್ಕುಗಳು: ಮತ್ತೆ ನೋಡೋಕೆ ಎಲ್ಲಿಂದ ಶುರು ಮಾಡಲಿ?

ಬೆಟಗೇರಿ ಹುಡುಗ (ಗದಗ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ರಜೆಗೆ ಅಕ್ಕನ ಮಗ ಬಂದಿದ್ದಾನೆ. ನಾಲ್ಕನೇ ಕ್ಲಾಸ್ ಮುಗಿಸಿದ್ದಾನೆ. ನಮ್ಮ ಗದಗಿನ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಹೊರಗೆ ಬಿಡುವ ಹಾಗಿಲ್ಲ. ಮೊಬೈಲ್ ಕೊಟ್ಟರೆ ಸಂಜೆತನಕ ತಲೆ ಎತ್ತುವುದಿಲ್ಲ. ಅದಕ್ಕೇ ಅಟ್ಟದ ಮೇಲಿದ್ದ ನನ್ನ ಹಳೆ ಡಿಸ್ಕ್ ಡಬ್ಬಿ ಕೆಳಗಿಳಿಸಿದ್ದೇನೆ.

ಡಬ್ಬಿಯಲ್ಲಿ 2002ರ ಸ್ಪೈಡರ್‌ಮ್ಯಾನ್ ಇದೆ, ಅದು ವಿಸಿಡಿ. ಸ್ಪೈಡರ್‌ಮ್ಯಾನ್ 2 ಮತ್ತು 3, ಬ್ಯಾಟ್‌ಮ್ಯಾನ್ ಬಿಗಿನ್ಸ್, ಡಾರ್ಕ್ ನೈಟ್, ಮೊದಲನೇ ಐರನ್ ಮ್ಯಾನ್, 1978ರ ಸೂಪರ್‌ಮ್ಯಾನ್ ಡಿವಿಡಿಯಲ್ಲಿವೆ. ಮುಂದೆ ಪ್ರೆಸ್‌ನಲ್ಲಿ ಕೆಲಸ ಸಿಕ್ಕ ಮೇಲೆ ಬ್ಲೂ-ರೇ ಕೊಳ್ಳೋ ಹುಚ್ಚು ಹತ್ತಿತು. ಅವನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೇನೆ. ಒಂದಕ್ಕೊಂದು ಕತೆ ಬೆಸೆದಿರುವ ಮಾರ್ವೆಲ್ ಸಿನಿಮಾಗಳು, ಕ್ಯಾಪ್ಟನ್ ಅಮೇರಿಕಾದಿಂದ ಎಂಡ್‌ಗೇಮ್‌ವರೆಗೆ ಹೆಚ್ಚುಕಮ್ಮಿ ಎಲ್ಲ ಇವೆ.

ನಾನು ಎಲ್ಲವನ್ನೂ ನೋಡಿದವನೇ. ಹುಡುಗ ಯಾವುದನ್ನೂ ಪೂರ್ತಿ ನೋಡಿಲ್ಲ. ಯಾವ ಕ್ರಮದಲ್ಲಿ ಹಾಕಿದರೆ ಇಬ್ಬರಿಗೂ ಬೇಸರ ಆಗಲ್ಲ? ಯಾವುದನ್ನು ಬಿಟ್ಟರೆ ನಷ್ಟ ಇಲ್ಲ?

ಜೊತೆಗೆ ಇನ್ನೂ ಒಂದೆರಡು ತೊಂದರೆ. ಹೊಸ 43 ಇಂಚಿನ ಟಿವಿಯಲ್ಲಿ ಡಿವಿಡಿ ಮಸುಕು ಮಸುಕಾಗಿ ಕಾಣುತ್ತದೆ, ವಿಸಿಡಿಯಂತೂ ಕೇಳಲೇಬೇಡಿ. ಹಾರ್ಡ್ ಡಿಸ್ಕಿನ ಕೆಲವು ಫೈಲುಗಳಲ್ಲಿ ಚಿತ್ರ ಬರುತ್ತದೆ, ಶಬ್ದ ಬರಲ್ಲ. ಸ್ಪೈಡರ್‌ಮ್ಯಾನ್ 2 ಡಿವಿಡಿ ಕವರಿನ ಮೇಲೆ 127 ನಿಮಿಷ ಅಂತಿದೆ, ಪ್ಲೇಯರ್ 122 ತೋರಿಸುತ್ತದೆ. ಇಲ್ಲಿ ಮಾರುವಾಗ ಐದು ನಿಮಿಷ ಕತ್ತರಿಸಿದ್ದಾರಾ?

ಉಣಕಲ್ ದಂಡೆ (ಹುಬ್ಬಳ್ಳಿ)

ಕತೆ ನಡೆಯುವ ವರ್ಷದ ಪ್ರಕಾರ ಹೋಗಿ ಬ್ರೋ. ಮೊದಲು ಕ್ಯಾಪ್ಟನ್ ಅಮೇರಿಕಾ, ಅದು ಎರಡನೇ ಮಹಾಯುದ್ಧದ ಕಾಲ. ಆಮೇಲೆ 1995ರಲ್ಲಿ ನಡೆಯುವ ಕ್ಯಾಪ್ಟನ್ ಮಾರ್ವೆಲ್. ಆಮೇಲೆ ಐರನ್ ಮ್ಯಾನ್. ಹುಡುಗನಿಗೆ ಹಿಂದೆ ಮುಂದೆ ಗೊಂದಲ ಇರಲ್ಲ. ನಾವು ರೂಮಿನಲ್ಲಿ ಹೀಗೇ ನೋಡಿ ಮುಗಿಸಿದ್ದು, ಮಸ್ತ್ ಆಗಿತ್ತು.

ಸಪ್ತಾಪುರ ಸಿಡಿ ಲೈಬ್ರರಿ (ಧಾರವಾಡ)

ತಮ್ಮಾ, ಇದು ನನ್ನ ಕಸುಬಿನ ಪ್ರಶ್ನೆ. ಸಪ್ತಾಪುರದಲ್ಲಿ ಸಿಡಿ ಲೈಬ್ರರಿ ನಡೆಸುತ್ತಿದ್ದೆ. ಮುಚ್ಚಿ ಬಾಳ ವರ್ಷ ಆಯ್ತು, ಆದರೆ ಡಿಸ್ಕುಗಳು ಇನ್ನೂ ನನ್ನ ಕಪಾಟಿನಲ್ಲಿವೆ. ಗಿರಾಕಿಗಳೆಲ್ಲ ಯೂನಿವರ್ಸಿಟಿ ಹಾಸ್ಟೆಲಿನ ಹುಡುಗರು, ರೂಮ್ ಮಾಡಿಕೊಂಡು ಸರ್ಕಾರಿ ನೌಕರಿ ಪರೀಕ್ಷೆಗೆ ಓದುವವರು. ದಿನಕ್ಕೆ ಹತ್ತು ರೂಪಾಯಿ ಬಾಡಿಗೆ. ಮೊದಲನೇ ಸಲ ಯಾವ ಸಿನಿಮಾ ಓಡುತ್ತದೆ ಅನ್ನೋದು ಥಿಯೇಟರಿನವರಿಗೆ ಗೊತ್ತು. ಎರಡನೇ ಸಲ ಯಾವುದನ್ನು ಕೇಳುತ್ತಾರೆ ಅನ್ನೋದು ನನ್ನ ರಿಜಿಸ್ಟರಿಗೆ ಮಾತ್ರ ಗೊತ್ತಿತ್ತು.

ಸ್ಪೈಡರ್‌ಮ್ಯಾನ್ 3 ಬಂದಾಗ ಹುಡುಗರು ಮೊದಲೇ ಹೆಸರು ಬರೆಸಿ ಹೋಗಿದ್ದರು. ಎಲ್ಲರೂ ಒಮ್ಮೆ ಒಯ್ದರು. ಮತ್ತೆ ಯಾರೂ ಅದರ ಸುದ್ದಿ ತೆಗೆಯಲಿಲ್ಲ. ಮೂರು ಮೂರು ವಿಲನ್ ತುರುಕಿದ್ದಾರೆ, ಒಬ್ಬನ ಕತೆಯೂ ಪೂರ್ತಿ ಆಗಲ್ಲ. ನಿನ್ನ ಡಬ್ಬಿಯಲ್ಲಿ ಬಿಡಬಹುದಾದದ್ದು ಅದೊಂದೇ. 2004ರ ಎರಡನೇ ಭಾಗದ್ದು ಬೇರೆ ಕತೆ. ಪರೀಕ್ಷೆ ಮುಗಿದ ದಿನ ಅದನ್ನು ಕೇಳಿಕೊಂಡು ಬರುವವರು ಇದ್ದೇ ಇರುತ್ತಿದ್ದರು. ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್ ಹತ್ತಿರ ಬಾಡಿಗೆ ಕೊಡಲು ದುಡ್ಡಿಲ್ಲ, ಮನೆ ಮಾಲೀಕ ಬೈತಾನೆ, ಕೆಲಸ ಹೋಗಿದೆ, ಕ್ಲಾಸಿಗೆ ಹೋಗಲು ಪುರುಸೊತ್ತಿಲ್ಲ. ಅದು ಪೀಟರ್ ಪಾರ್ಕರ್ ಕತೆ ಅಲ್ಲ, ಸಪ್ತಾಪುರದ ಕತೆ! ಹೀರೋ ಹಾರಾಡುವುದು ಅವರಿಗೆ ಆಮೇಲಿನ ಮಾತು.

ಬ್ಯಾಟ್‌ಮ್ಯಾನ್ ಬಿಗಿನ್ಸ್ 2005ರದ್ದು. ಮೂರು ವರ್ಷ ಯಾರೂ ಮುಟ್ಟಲಿಲ್ಲ. 2008ರಲ್ಲಿ ಡಾರ್ಕ್ ನೈಟ್ ಬಂತು ನೋಡು, ಎಲ್ಲರಿಗೂ ಮೊದಲನೆಯದು ಬೇಕಾಯಿತು. ಇದ್ದದ್ದು ಒಂದೇ ಪ್ರತಿ, ಅದಕ್ಕಾಗಿ ಜಗಳ ಬೇರೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಕ್ರಮದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಎರಡನೇ ಸಲಕ್ಕೂ ತಡೆಯುವ ಸಿನಿಮಾ ಯಾವುದು ಅಂತ ನೋಡಿ ಹಾಕು. ಹುಡುಗನಿಗೆ ಮೊದಲನೇ ಸಲವಾದರೂ ನಿನಗೆ ಎರಡನೆಯದು. ನೀನು ಪಕ್ಕದಲ್ಲಿ ಆಕಳಿಸಿದರೆ ಅವನೂ ಎದ್ದು ಹೋಗುತ್ತಾನೆ.

ಎರಡನೇ ಸಲ ಕತೆ ಗೊತ್ತಿರುತ್ತದೆ, ಹಾಗಾಗಿ ಕಣ್ಣು ಕೆಲಸದ ಕಡೆ ಹೋಗುತ್ತದೆ. ಸ್ಪೈಡರ್‌ಮ್ಯಾನ್ 2ರಲ್ಲಿ ವಿಲನ್ ಡಾಕ್ಟರ್ ಆಕ್ಟೋಪಸ್‌ನ ಉಕ್ಕಿನ ತೋಳು ಎಲ್ಲ ಕಡೆ ಕಂಪ್ಯೂಟರಿನದ್ದಲ್ಲ. ಬಾಳ ಕಡೆ ನಿಜವಾಗಿ ಮಾಡಿಸಿದ ತೋಳುಗಳು. ಅವನ್ನು ಆಡಿಸುತ್ತಿದ್ದವರು ಗೊಂಬೆಯಾಟದವರು. ಹುಡುಗನಿಗೆ ಕೇಳು, ಯಾವುದು ನಿಜ, ಯಾವುದು ಕಂಪ್ಯೂಟರ್ ಅಂತ. ಆ ಸಿನಿಮಾಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಆಸ್ಪತ್ರೆಯಲ್ಲಿ ಆ ತೋಳುಗಳು ಎದ್ದು ಡಾಕ್ಟರುಗಳ ಮೇಲೆ ಬೀಳುವ ದೃಶ್ಯ ಮಾತ್ರ ಹಗಲಲ್ಲಿ ತೋರಿಸು. ಡೈರೆಕ್ಟರ್ ಸ್ಯಾಮ್ ರೈಮಿ ದೆವ್ವದ ಸಿನಿಮಾದಿಂದ ಬಂದವನು, ಅಲ್ಲಿ ಹಳೇ ಚಾಳಿ ಬಿಟ್ಟಿಲ್ಲ.

2002ರದ್ದರಲ್ಲಿ ಹೈಸ್ಕೂಲಿನ ಹುಡುಗಿ ಜಾರಿದಾಗ ಪೀಟರ್ ಊಟದ ಟ್ರೇನಲ್ಲಿ ಒಂದೊಂದೇ ತಿನಿಸು ಹಿಡಿಯುತ್ತಾನಲ್ಲ, ಅದೂ ಕಂಪ್ಯೂಟರ್ ಅಲ್ಲ. ಟ್ರೇಯನ್ನು ನಟನ ಕೈಗೆ ಅಂಟಿಸಿ, 156 ಟೇಕ್ ತೆಗೆದು ಮುಗಿಸಿದ್ದಂತೆ. ಇಂಥವು ಡಿವಿಡಿಯ ಕಾಮೆಂಟರಿ ಟ್ರ್ಯಾಕಿನಲ್ಲಿ, ಅಂದರೆ ಸಿನಿಮಾ ಓಡುವಾಗ ಮಾಡಿದವರೇ ಮಾತಾಡುವ ಆಡಿಯೋದಲ್ಲಿ, ಸಿಗುತ್ತವೆ. ಮೊಬೈಲ್ ಆ್ಯಪಿನಲ್ಲಿ ನೋಡುವವರಿಗೆ ಬಾಳ ಸಲ ಇವು ಸಿಗಲ್ಲ. ಡಿಸ್ಕ್ ಇಟ್ಟುಕೊಂಡವರಿಗೆ ಇದೇ ಲಾಭ. ವಿಸಿಡಿಯಲ್ಲಿ ಅದಕ್ಕೆಲ್ಲ ಜಾಗ ಇಲ್ಲ ಬಿಡು.

ಡಾರ್ಕ್ ನೈಟ್ ಹುಡುಗನಿಗೆ ಬೇಡ. ಅವನು ಮಲಗಿದ ಮೇಲೆ ನೀನೊಬ್ಬನೇ ನೋಡು. ಲಾರಿ ಪಲ್ಟಿ ಹೊಡೆಯುವುದು ಶಿಕಾಗೋ ರಸ್ತೆಯಲ್ಲಿ ನಿಜವಾಗಿ ಹೊಡೆಸಿದ್ದು. ಸ್ಫೋಟ ಆಗುವ ಆಸ್ಪತ್ರೆ ಅಲ್ಲಿನ ಹಳೆ ಮಿಠಾಯಿ ಕಾರ್ಖಾನೆ, ಅದನ್ನೂ ನಿಜವಾಗಿಯೇ ಉಡಾಯಿಸಿದರು. ಸಾಧ್ಯವಾದರೆ ಬ್ಲೂ-ರೇ ಹುಡುಕು. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದ ದೃಶ್ಯ ಬಂದಾಗ ಮೇಲೆ ಕೆಳಗಿನ ಕಪ್ಪು ಪಟ್ಟಿ ಮಾಯವಾಗಿ ಪರದೆ ತುಂಬುತ್ತದೆ. ಡಿವಿಡಿಯಲ್ಲಿ ಪಟ್ಟಿ ಹಂಗೇ ಇರುತ್ತದೆ.

ಉಣಕಲ್ ತಮ್ಮ ಹೇಳಿದ ಕ್ರಮ ನನಗೆ ಒಪ್ಪಿಗೆ ಇಲ್ಲ. 2008ರ ಐರನ್ ಮ್ಯಾನ್ ಕೊನೆಯಲ್ಲಿ, ಹೆಸರುಗಳೆಲ್ಲ ಸರಿದ ಮೇಲೆ, ಕತ್ತಲೆಯಲ್ಲಿ ಒಬ್ಬ ಒಕ್ಕಣ್ಣಿನವನು ನಿಂತಿರುತ್ತಾನೆ. ಅವನು ಯಾರು ಅಂತ ಆಗ ನಮಗೂ ಗೊತ್ತಿರಲಿಲ್ಲ. ಆ ಕುತೂಹಲದ ಮೇಲೇ ಮುಂದಿನ ಹತ್ತು ವರ್ಷ ನಡೆದದ್ದು. ಮೊದಲೇ ಕ್ಯಾಪ್ಟನ್ ಮಾರ್ವೆಲ್ ತೋರಿಸಿದರೆ ಅವನ ಕಣ್ಣು ಹೋದದ್ದು ಹೇಗೆ ಅನ್ನೋದೂ ಸೇರಿ ಎಲ್ಲ ಗೊತ್ತಾಗಿಬಿಡುತ್ತದೆ. ಇನ್ನೊಂದು, ಆ ಸಿನಿಮಾ ಮುಗಿದ ಮೇಲೆ ಬರುವ ತುಣುಕು 2018ರ ಇನ್ಫಿನಿಟಿ ವಾರ್ ನಂತರದ್ದು. ಏನೂ ನೋಡದ ಹುಡುಗ ಅದನ್ನು ನೋಡಿ ಏನು ಮಾಡಬೇಕು? ಬಿಡುಗಡೆಯಾದ ಸಾಲಿನಲ್ಲೇ ಹೋಗು. ಐರನ್ ಮ್ಯಾನ್‌ನಿಂದ ಎಂಡ್‌ಗೇಮ್‌ವರೆಗೆ 22 ಇವೆ, ಎಲ್ಲವೂ ಬೇಕಂತಿಲ್ಲ. ಐರನ್ ಮ್ಯಾನ್, ಕ್ಯಾಪ್ಟನ್ ಅಮೇರಿಕಾ, 2012ರ ಅವೆಂಜರ್ಸ್, ಈ ರಜೆಗೆ ಇಷ್ಟು ಸಾಕು. ನಡುವೆ ಹಲ್ಕ್ ಸಿನಿಮಾ ಹಾಕಿದೆಯೋ, ಅದರಲ್ಲಿ ಹಲ್ಕ್ ಪಾತ್ರ ಮಾಡಿದ ಎಡ್ವರ್ಡ್ ನಾರ್ಟನ್ ಅವೆಂಜರ್ಸ್‌ನಲ್ಲಿ ಮಾರ್ಕ್ ರಫಲೋ ಹೇಗಾದ ಅಂತ ಹುಡುಗ ತಲೆ ತಿನ್ನುತ್ತಾನೆ.

ದಿನಕ್ಕೆ ಮೂರು ಸಿನಿಮಾ ಹಾಕಿ ಮ್ಯಾರಥಾನ್ ಮಾಡುವವರನ್ನು ಕಂಡರೆ ನನಗಾಗದು. ಬಾಡಿಗೆ ಉಳಿಸಲು ಹಾಸ್ಟೆಲ್ ಹುಡುಗರು ಹಂಗೇ ನೋಡುತ್ತಿದ್ದರು. ಮರುದಿನ ಡಿಸ್ಕ್ ಕೊಡಲು ಬಂದಾಗ ಯಾವ ಸಿನಿಮಾದಲ್ಲಿ ಏನಾಯಿತು ಅಂತ ಅವರಿಗೇ ನೆನಪಿಲ್ಲ. ನಿನ್ನದೇ ಡಿಸ್ಕ್, ಬಾಡಿಗೆ ಇಲ್ಲ. ಅವಸರ ಯಾಕೆ?

ಐದು ನಿಮಿಷ ಯಾರೂ ಕತ್ತರಿಸಿಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ನಮ್ಮ ಹಳೆಯ ಟಿವಿ ಪದ್ಧತಿ, ಪಾಲ್ ಅಂತಾರೆ, ಸೆಕೆಂಡಿಗೆ 25 ತೋರಿಸುತ್ತದೆ. ಪಾಲ್ ಡಿವಿಡಿಯಲ್ಲಿ ಸಿನಿಮಾ ಶೇಕಡಾ 4ರಷ್ಟು ಬೇಗ ಓಡುತ್ತದೆ. 127 ನಿಮಿಷ ಇದ್ದದ್ದು 122 ಆಗುತ್ತದೆ. ಇದೇ ಲೆಕ್ಕ ಹೇಳಿ ಹೇಳಿ ನನಗೆ ಸಾಕಾಗಿತ್ತು. ಐದು ನಿಮಿಷ ಕಮ್ಮಿ ಇದೆ, ಬಾಡಿಗೆ ಕಮ್ಮಿ ಮಾಡಿ ಅಂತ ಕೇಳಿದ ಮಹಾನುಭಾವರೂ ಇದ್ದರು.

ರಾಣೆಬೆನ್ನೂರು ರಿಪೇರಿ

ನಾನು ಟಿವಿ ರಿಪೇರಿ ಮಾಡುವವನು. ಕತೆಯ ವಿಚಾರ ಕಾಕಾ ಹೇಳಿದ್ದಾರೆ, ವೈರಿನ ವಿಚಾರ ನಾನು ಹೇಳುತ್ತೇನೆ.

ಮಸುಕಾಗಿ ಕಾಣುವುದು ಸಹಜ. ಪಾಲ್ ಡಿವಿಡಿಯ ಚಿತ್ರ ಅಂದರೆ 720 ಚುಕ್ಕೆ ಅಗಲ, 576 ಎತ್ತರ. ನಿಮ್ಮದು 4ಕೆ ಟಿವಿ ಆಗಿದ್ದರೆ ಅದರ ಪರದೆ 3840 ಮತ್ತು 2160. ಅಂದರೆ ಡಿವಿಡಿಯ ಒಂದು ಚುಕ್ಕೆಯನ್ನು ಟಿವಿ ಇಪ್ಪತ್ತು ಚುಕ್ಕೆ ಮಾಡಬೇಕು. ವಿಸಿಡಿಗೆ 352 ಮತ್ತು 288 ಅಷ್ಟೇ, ಅದು ಎಂಬತ್ತು ಪಟ್ಟು ಹಿಗ್ಗಬೇಕು. ಆದರೂ ಅರ್ಧ ತೊಂದರೆ ಸೆಟ್ಟಿಂಗಿನದ್ದೇ. ಹಳದಿ-ಬಿಳಿ-ಕೆಂಪು ವೈರ್ ಹಾಕಿದ್ದರೆ ಕಿತ್ತುಬಿಡಿ, ಪ್ಲೇಯರಿನಲ್ಲಿ ಎಚ್‌ಡಿಎಂಐ ಇದ್ದರೆ ಅದನ್ನೇ ಹಾಕಿ. ಟಿವಿಯಲ್ಲಿ ಶಾರ್ಪ್‌ನೆಸ್ ಪೂರ್ತಿ ಇಳಿಸಿ. ಚಿತ್ರವನ್ನು ನುಣ್ಣಗೆ ಓಡಿಸುವ ಮೋಷನ್ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ದೊಡ್ಡ ಸಿನಿಮಾನೂ ಧಾರಾವಾಹಿ ಥರ ಕಾಣುತ್ತದೆ. ವಿಸಿಡಿಯನ್ನು ಎಳೆದು ಪರದೆ ತುಂಬಿಸಬೇಡಿ, ಎರಡು ಬದಿ ಕಪ್ಪು ಉಳಿದರೆ ಉಳಿಯಲಿ. ಮತ್ತೆ ಒಂದೆರಡು ಹೆಜ್ಜೆ ಹಿಂದೆ ಕೂತು ನೋಡಿ, ತಮಾಷೆ ಅಲ್ಲ.

ಶಬ್ದ ಬರದ ಫೈಲುಗಳಲ್ಲಿ ಡಿಟಿಎಸ್ ಅನ್ನೋ ನಮೂನೆಯ ಆಡಿಯೋ ಇರಬೇಕು. ಬ್ಲೂ-ರೇಯಿಂದ ತೆಗೆದದ್ದರಲ್ಲಿ ಸಾಮಾನ್ಯ. ಎಷ್ಟೋ ಟಿವಿಗಳು ಅದನ್ನು ಓದುವುದಿಲ್ಲ. ಫೈಲ್ ಕೆಟ್ಟಿಲ್ಲ, ಅಳಿಸಬೇಡಿ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಹಾಕಿ ಎಚ್‌ಡಿಎಂಐ ವೈರಿನಿಂದ ಟಿವಿಗೆ ಕೊಡಿ, ಶಬ್ದ ಬರುತ್ತದೆ.

ಕೇಶ್ವಾಪುರ ಟೀಚರ್ (ಹುಬ್ಬಳ್ಳಿ)

ಕಾಕಾ ಅವರು ಸೂಪರ್‌ಮ್ಯಾನ್ ಬಗ್ಗೆ ಏನೂ ಹೇಳಲೇ ಇಲ್ಲ, ನನಗೆ ಸಿಟ್ಟು ಬಂತು! ನಾನು ಅದನ್ನು ನಮ್ಮವ್ವನ ಜೊತೆ ನೋಡಿದೆ. ಇಂಗ್ಲಿಷ್ ಬರಲ್ಲ ಅವರಿಗೆ. ಏನೂ ತೊಂದರೆ ಆಗಲಿಲ್ಲ. ಸೂಪರ್‌ಮ್ಯಾನ್ ಕ್ಲಾರ್ಕ್ ಕೆಂಟ್ ಅನ್ನೋ ಹೆಸರಲ್ಲಿ ಪೇಪರ್ ಆಫೀಸಿಗೆ ಹೋಗೋದು ನೋಡಿ "ಇಷ್ಟ್ ಶಕ್ತಿ ಇದ್ರೂ ದಿನಾ ನೌಕರಿಗೆ ಹೊಕ್ಕಾನಲ್ಲವಾ" ಅಂದರು. ಈಗಿನ ಹೀರೋಗಳಿಗೆ ನೌಕರಿ ಎಲ್ಲಿದೆ ಹೇಳಿ. ಆದರೆ ಹುಡುಗನಿಗೆ ಮೊದಲೇ ಹೇಳಿಡಿ, ಸೂಪರ್‌ಮ್ಯಾನ್ ಆಗಿರೋ ಕ್ರಿಸ್ಟೋಫರ್ ರೀವ್ ಬರೋದು ಸುಮಾರು ಮುಕ್ಕಾಲು ತಾಸು ಕಳೆದ ಮೇಲೆ. ಅಲ್ಲಿತನಕ ಬೇರೆ ಗ್ರಹ, ಗೋಧಿ ಹೊಲ, ಬಾಲ್ಯ. ನನ್ನ ಕ್ಲಾಸಿನ ಮಕ್ಕಳಾದರೆ ಅಷ್ಟು ಹೊತ್ತಿಗೆ ಎರಡು ಸಲ ನೀರು ಕುಡಿಯಲು ಎದ್ದಿರುತ್ತಾರೆ.

ಹುಡುಗನಿಗೆ ಕನ್ನಡದಲ್ಲೇ ಬೇಕಾದರೆ ನಿಮ್ಮ ಡಬ್ಬಿ ಸಾಲದು. ಆ ಕಾಲದಲ್ಲಿ ಇವು ಹಿಂದಿ, ತಮಿಳು, ತೆಲುಗಿಗೆ ಡಬ್ ಆದವು. ಸ್ಪೈಡರ್‌ಮ್ಯಾನ್ 3 ಭೋಜಪುರಿಗೂ ಆಯಿತು, ನಮಗೆ ಮಾತ್ರ ಇಲ್ಲ. 2021ರ ಮಿನ್ನಲ್ ಮುರಳಿ ಕನ್ನಡ ಆಡಿಯೋದಲ್ಲಿದೆ. ಮಲಯಾಳಂ ಸಿನಿಮಾ, ಹಳ್ಳಿಯ ದರ್ಜಿಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ನಮ್ಮ ಸವಣೂರು ಕಡೆಯದ್ದೇ ಅನ್ನಿಸುವ ಹಾಗಿದೆ. ಬಸ್ಸಿನ ದೃಶ್ಯ ಬಂದಾಗ ನಮ್ಮವ್ವ ಎದ್ದೇ ನಿಂತರು. 2023ರ ಅನಿಮೇಷನ್ ಸ್ಪೈಡರ್‌ಮ್ಯಾನ್, ಅಕ್ರಾಸ್ ದಿ ಸ್ಪೈಡರ್-ವರ್ಸ್, ಥಿಯೇಟರಿಗೆ ಕನ್ನಡದಲ್ಲೂ ಬಂದಿತ್ತು.

ಉಣಕಲ್ ದಂಡೆ (ಹುಬ್ಬಳ್ಳಿ)

ಕಾಕಾ, ಒಕ್ಕಣ್ಣಿನವನ ಮಾತು ಒಪ್ಪಿದೆ. ಆದರೆ ಮ್ಯಾರಥಾನಿಗೆ ಬೈಯಬೇಡಿ. ಇನ್ಫಿನಿಟಿ ವಾರ್ ಮತ್ತು ಎಂಡ್‌ಗೇಮ್ ಒಂದೇ ದಿನ ನೋಡಲೇಬೇಕು. ಎರಡೂ ಸೇರಿ ಐದೂವರೆ ತಾಸು, ನಡುವೆ ಗಿರ್ಮಿಟ್ ಮಿರ್ಚಿ. ಅದರ ಮಜಾನೇ ಬೇರೆ.

ಬೆಟಗೇರಿ ಹುಡುಗ (ಗದಗ)

ಎಲ್ಲರಿಗೂ ಥ್ಯಾಂಕ್ಸ್. ಶಾರ್ಪ್‌ನೆಸ್ ಇಳಿಸಿದೆ, ಡಿವಿಡಿ ಎಷ್ಟೋ ವಾಸಿ. ಡಿಟಿಎಸ್ ಊಹೆಯೂ ನಿಜವಾಯಿತು, ಲ್ಯಾಪ್‌ಟಾಪಿನಿಂದ ಶಬ್ದ ಬಂತು. ಐರನ್ ಮ್ಯಾನ್ ಹಾಕಿದ್ದೆವು. ಗುಹೆಯೊಳಗೆ ಕಬ್ಬಿಣ ಬಡಿದು ಮೊದಲನೇ ಸೂಟ್ ಮಾಡುವುದನ್ನು ಎರಡು ಸಲ ಹಾಕಿಸಿಕೊಂಡ. ಕೊನೆಯ ಹಾರಾಟದ ಜಗಳ ನಡೆಯುವಾಗ ಮಾತ್ರ ಚುರುಮುರಿ ತಿನ್ನುತ್ತ ಕೂತಿದ್ದ.

ಕಾಕಾ, ಈಗ 2002ರ ವಿಸಿಡಿ ಕೈಕೊಟ್ಟಿದೆ. ಎರಡನೇ ಡಿಸ್ಕ್ ಶುರುವಿನಲ್ಲೇ ನಿಲ್ಲುತ್ತದೆ. ಕೆಳಗೆ ಗೀರಿಲ್ಲ, ಮೇಲಿನ ಚಿತ್ರ ಅಲ್ಲಲ್ಲಿ ಕಿತ್ತಿದೆ. ಪಾಲಿಶ್ ಮಾಡಿಸಲಾ?

ಸಪ್ತಾಪುರ ಸಿಡಿ ಲೈಬ್ರರಿ (ಧಾರವಾಡ)

ಗುಹೆಯ ಸೂಟ್ ಹುಡುಗನಿಗೆ ಹಿಡಿಸಿತಲ್ಲ, ಅದು ಸ್ಟಾನ್ ವಿನ್‌ಸ್ಟನ್ ಸ್ಟುಡಿಯೋದವರು ನಿಜವಾಗಿ ಕಟ್ಟಿದ ಸೂಟ್. ಹುಡುಗನ ಕಣ್ಣು ಚಲೋ ಇದೆ.

ಪಾಲಿಶ್‌ಗೆ ದುಡ್ಡು ಹಾಕಬೇಡ. ವಿಸಿಡಿಯಲ್ಲಿ ಮಾಹಿತಿ ಇರುವ ಪದರ ಮೇಲಿನ ಚಿತ್ರದ ಕೆಳಗೇ ಇರುತ್ತದೆ. ಚಿತ್ರ ಕಿತ್ತರೆ ಸಿನಿಮಾನೂ ಕಿತ್ತ ಹಾಗೆ. ಡಿವಿಡಿಯಲ್ಲಿ ಆ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುತ್ತದೆ, ಅದಕ್ಕೆ ಕೆಳಗಿನ ಗೀರು ಪಾಲಿಶ್‌ಗೆ ಹೋಗುತ್ತದೆ. ಉಳಿದ ಡಿಸ್ಕುಗಳನ್ನು ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸು, ಸುತ್ತ ತಿರುಗಿಸಿ ಒರೆಸಬೇಡ. ಸುತ್ತ ಬಿದ್ದ ಗೀರು ಒಂದೇ ಸಾಲಿನ ಮಾಹಿತಿ ಉದ್ದಕ್ಕೂ ತಿನ್ನುತ್ತದೆ, ಪ್ಲೇಯರಿಗೆ ಊಹಿಸಲು ಆಗಲ್ಲ.

ಆ ಸಿನಿಮಾದ ವಿಸಿಡಿ ಜೋಡಿ ನನ್ನ ಕಪಾಟಿನಲ್ಲಿದೆ. ಕವರ್ ಇಲ್ಲ, ಡಿಸ್ಕ್ ಅಷ್ಟೇ. ಧಾರವಾಡಕ್ಕೆ ಬಂದಾಗ ಹುಡುಗನನ್ನೂ ಕರೆದುಕೊಂಡು ಬಾ, ಆದರೆ ಸಂಜೆ ನಾಲ್ಕರ ಮೇಲೆ ಬಾ, ಮಧ್ಯಾಹ್ನ ಮಲಗಿರುತ್ತೇನೆ.